ಹೆಸರು ಕೂಗುವ ದಿನ

ಎರಡನೇ ತರಗತಿಯಲ್ಲಿ ಓದಿನಲ್ಲಾಗಲಿ ಲೆಕ್ಕದಲ್ಲಾಗಲಿ ಫತ್ಸಾನಿಯನ್ನು ಮೀರಿಸುವವರಿರಲಿಲ್ಲ. ಆದರೆ ಅದು ಗೊತ್ತಿದ್ದದ್ದು ಇಬ್ಬರಿಗೇ: ತಾಯಿ ಸತ್ತ ಮೇಲೆ ಅವಳನ್ನು ಸಾಕುತ್ತಿದ್ದ ಚಿಕ್ಕಮ್ಮ ಎಸ್ನಾತ್‌ಗೆ ಮತ್ತು ಚಿಕ್ಕಮ್ಮನ ಮಗಳು ಯಂಖೋಗೆ. ಚಿಂಗೋಲಿ ಮೇಷ್ಟರಿಗೆ ಗೊತ್ತಿರಲಿಲ್ಲ. ಮಾವಿನ ಮರದ ಕೆಳಗೆ ನೆಲದ ಮೇಲೆ ಕೂರುತ್ತಿದ್ದ ಮಕ್ಕಳು ನೂರಕ್ಕೂ ಹೆಚ್ಚು. ಹುಡುಗಿಯರೂ ತಲೆ ಬೋಳಿಸಿಕೊಂಡೇ ಬರಬೇಕೆಂಬುದು ಶಾಲೆಯ ಕಟ್ಟಳೆ. ಮುಂದಿನ ಸಾಲಿನ ನಾಲ್ಕು ಮುಖ ಬಿಟ್ಟರೆ ಉಳಿದವರೆಲ್ಲ ಮೇಷ್ಟರ ಕಣ್ಣಿಗೆ ಒಂದೇ ಥರ ಕಾಣುತ್ತಿದ್ದರು.

ಯಂಖೋ ಹೋದ ವರ್ಷವೂ ಇದೇ ತರಗತಿಯಲ್ಲಿ ಫೇಲಾಗಿದ್ದಳು. ಈ ಸಲ ಎಸ್ನಾತ್ ಒಲೆಯ ಮುಂದೆ ನ್ಸಿಮಾ ಮುದ್ದೆ ತಿರುವುತ್ತ ಇಬ್ಬರಿಗೂ ಒಂದೇ ಮಾತು ಹೇಳಿದ್ದಳು. ಬ್ಲಾಂಟೈರ್ ಪಟ್ಟಣದ ಒಬ್ಬ ಹೆಂಗಸಿಗೆ ಕೂಸು ಹೊತ್ತು ನೋಡಿಕೊಳ್ಳಲು ಹುಡುಗಿ ಬೇಕಂತೆ. ಯಾರು ಫೇಲಾಗುತ್ತಾರೋ ಅವರು ಶಾಲೆ ಬಿಟ್ಟು ಅಲ್ಲಿಗೆ ಹೋಗಬೇಕು. ಏಳು ವರ್ಷದ ಫತ್ಸಾನಿ ಈ ಮಾತಿಗೆ ಹೆದರಲಿಲ್ಲ. ಯಂಖೋಳ ಗತಿ ನೆನೆದು ಅವಳಿಗೆ ಅಯ್ಯೋ ಅನ್ನಿಸಿತು, ಅಷ್ಟೇ.

ಬಾಯಿಪರೀಕ್ಷೆಯ ಹಿಂದಿನ ದಿನ ಎಸ್ನಾತ್ ಅವಳನ್ನು ಮನೆಯ ಹಿತ್ತಲಿಗೆ ಕರೆದಳು. ದನಿಯಲ್ಲಿ ಎಂದೂ ಇಲ್ಲದ ಅಕ್ಕರೆ.

“ನಾಳೆ ಮೇಷ್ಟ್ರು ಯಂಖೋ ಅಂತ ಕೂಗಿದ್ರೆ ನೀನು ಎದ್ದು ಹೋಗು. ಫತ್ಸಾನಿ ಅಂದ್ರೆ ಅವಳು ಹೋಗ್ತಾಳೆ.”

“ಆಮೇಲೆ ನಾನು ಫೇಲಾಗಲ್ವಾ ಚಿಕ್ಕಮ್ಮ?”

“ನಿಂದು ಮೇಷ್ಟ್ರ ಹತ್ರ ಮಾತಾಡಿದೀನಿ ಕಣೇ. ನಮ್ಮ ಕೆಂಪು ಕೋಳಿ ಎಲ್ಲಿ ಹೋಯ್ತು ಅಂತ ತಿಳ್ಕೊಂಡಿದೀಯ? ಅವರ ಮನೆಗೇ ಕೊಟ್ಟು ಬಂದೆ. ಅವಳಿಗೆ ನಿನ್ನ ಓದು, ನಿನಗೆ ಕೋಳಿ, ಇಬ್ರೂ ಪಾಸು. ನಿಮ್ಮಮ್ಮ ಇದ್ದಿದ್ರೆ ನಂಗೆ ಇಷ್ಟು ಮಾಡ್ಕೊಡ್ತಿರ್ಲಿಲ್ವಾ?”

ಕೋಳಿ ಮೇಷ್ಟರ ಮನೆಯ ಮುಖವನ್ನೇ ನೋಡಿರಲಿಲ್ಲ. ಪಾಸಾದವರ ಹೆಸರು ಕೂಗುವ ದಿನದ ಊಟಕ್ಕೆಂದು ಎಸ್ನಾತ್ ಅದನ್ನು ಪಕ್ಕದ ಮನೆಯಲ್ಲಿ ಕಟ್ಟಿಹಾಕಿದ್ದಳು. ತಬ್ಬಲಿ ಮಗುವಿಗೆ ಸತ್ತ ತಾಯಿಯ ಹೆಸರು ಹೇಳಿ ಮೋಸ ಮಾಡುವವರ ನಾಲಿಗೆಗೆ ಹುಳ ಬೀಳಲಿ ಅನ್ನಿಸುತ್ತದೆ. ಆದರೆ ಬೀಳುವುದಿಲ್ಲ.

ಮಾರನೆಯ ದಿನ ಹೇಳಿದ ಹಾಗೇ ನಡೆಯಿತು. ಯಂಖೋ ಎಂದಾಗ ಫತ್ಸಾನಿ ಎದ್ದು ಹೋಗಿ, ಕೇಳಿದ್ದಕ್ಕೆಲ್ಲ ಪಟಪಟನೆ ಉತ್ತರ ಕೊಟ್ಟಳು. ಭೇಷ್ ಯಂಖೋ ಎಂದರು ಮೇಷ್ಟರು. ಫತ್ಸಾನಿ ಎಂದಾಗ ಯಂಖೋ ಹೋಗಿ ತನ್ನ ಕಾಲ್ಬೆರಳು ನೋಡುತ್ತ ನಿಂತು ಬಂದಳು.

ನಮ್ಮಲ್ಲಿ ಫೇಲಾದವರ ಹೆಸರನ್ನು ಯಾರೂ ಓದುವುದಿಲ್ಲ. ವರ್ಷದ ಕೊನೆಗೆ ಊರೆಲ್ಲ ಮೈದಾನದಲ್ಲಿ ಸೇರುತ್ತದೆ, ಹೆಡ್‌ಮಾಸ್ಟರು ಪಾಸಾದವರ ಹೆಸರು ಕೂಗುತ್ತಾರೆ. ಕೂಗಿಸಿಕೊಂಡ ಮಗು ಎದ್ದು ಓಡಬೇಕು. ತಾಯಂದಿರು ನಾಲಿಗೆ ಹೊರಳಿಸಿ ಉಲುಲು ಎಂದು ಕೇಕೆ ಹಾಕುತ್ತ ಎದುರು ಬಂದು, ಬೋಳುತಲೆಗೆ ಜೋಳದ ಹಿಟ್ಟು ಸುರಿದು, ಹೊಸ ಚಿತೆಂಜೆ ಬಟ್ಟೆ ಸುತ್ತುತ್ತಾರೆ. ಕೂತೇ ಉಳಿದವರಿಗೆ ‘ಬೇರು ಬಿಟ್ಟವರು’ ಎಂದು ಹೆಸರು.

ಎರಡನೇ ತರಗತಿಯಲ್ಲಿ ಮೂರನೆಯ ಹೆಸರೇ ಯಂಖೋಳದು. ಎಸ್ನಾತ್ ಹಾಕಿದ ಉಲುಲು ಆಚೆ ಊರಿಗೂ ಕೇಳಿಸಿರಬೇಕು. ಫತ್ಸಾನಿ ಪ್ರತಿ ಹೆಸರಿಗೂ ಅರ್ಧ ಎದ್ದು ಮತ್ತೆ ಕೂತಳು. ಕೊನೆಗೆ ಹೆಡ್‌ಮಾಸ್ಟರು ಹಾಳೆ ಮಡಚಿ, ಚಿಂಗೋಲಿ ಮೇಷ್ಟರ ಕೈ ಕುಲುಕಿ, ಒಂದೊಂದು ಮಗುವನ್ನೂ ಹೆತ್ತ ಮಗುವಿನ ಹಾಗೆ ಬಲ್ಲವರು ಇವರು ಎಂದು ಊರಿನ ಮುಂದೆ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಹುಡುಗರು ಫತ್ಸಾನಿಯ ಸುತ್ತ ಕುಣಿದು, ಇವಳ ಬೇರು ಎಷ್ಟು ಆಳ ಹೋಗಿದೆ ನೋಡ್ರೋ, ಗುದ್ದಲಿ ತನ್ರೋ ಎಂದು ರೇಗಿಸಿದರು.

ಅವಳು ನೆಟ್ಟಗೆ ಮೇಷ್ಟರ ಹತ್ತಿರ ಹೋದಳು.

“ಸಾರ್, ನಾನು ಫತ್ಸಾನಿ. ಅವತ್ತು ಯಂಖೋ ಅಂತ ಬಂದು ಓದಿದ್ದು ನಾನೇ.”

ಮೇಷ್ಟರು ಅತ್ತಿತ್ತ ನೋಡಿ ಅವಳನ್ನು ಮರದ ಹಿಂದಕ್ಕೆ ಕರೆದೊಯ್ದರು. ಹಾಗಾದರೆ ನಾನು ಏನೇನು ಕೇಳಿದೆ, ಹೇಳು ಎಂದರು. ಮೇಕೆ ಬಾವಿಗೆ ಬಿದ್ದ ಪಾಠವನ್ನು ಅವಳು ಗಡಗಡನೆ ಒಪ್ಪಿಸಿದಳು. ಹನ್ನೆರಡರಲ್ಲಿ ಐದು ಕಳೆದಳು. ಪಾಯಖಾನೆಗೆ ಹೋಗಿ ಬಂದರೆ ಬೂದಿ ಹಾಕಿ ಕೈ ತೊಳೆಯಬೇಕು ಎಂದಳು. ಸೂರ್ಯ ಮುಲಾಂಜೆ ಬೆಟ್ಟದ ಯಾವ ಕಡೆಯಿಂದ ಹುಟ್ಟುತ್ತಾನೆಂದು ಕೈ ಚಾಚಿ ತೋರಿಸಿದಳು. ಮುಖ ಗುರುತಿಲ್ಲದ ಮೇಷ್ಟರಿಗೆ ಆ ದನಿಯ ಗುರುತು ಸಿಕ್ಕಿತು. ಅವರು ಬೆವರೊರೆಸಿಕೊಂಡರು. ಮೈದಾನದಲ್ಲಿ ಹೆಡ್‌ಮಾಸ್ಟರು ಇನ್ನೂ ಊರ ಮುಖಂಡನ ಜೊತೆ ನಗುತ್ತ ನಿಂತಿದ್ದರು. ಈಗ ಹೋಗಿ ಹೇಳಿದರೆ ಆ ಚಪ್ಪಾಳೆ ಏನಾಗಬೇಕು?

“ಇನ್ನೊಂದು ಕೇಳಿದ್ದೆನಲ್ಲ?”

“ಒಳ್ಳೇ ಮಕ್ಕಳು ಏನು ಮಾಡ್ತಾರೆ ಅಂತ ಕೇಳಿದ್ರಿ ಸಾರ್. ದೊಡ್ಡವರು ಹೇಳಿದ ಹಾಗೆ ಕೇಳ್ತಾರೆ ಅಂದೆ.”

“ಸರಿಯಾಗೇ ಹೇಳಿದೀಯ,” ಎಂದು ಮೇಷ್ಟರು ಅವಳ ತಲೆ ಸವರಿದರು. “ನಿಮ್ಮ ಚಿಕ್ಕಮ್ಮ ಹೇಳಿದ ಹಾಗೆ ಕೇಳು, ಫತ್ಸಾನಿ.”

ಅವಳ ಮುಖ ನೋಡಿ ಅವರು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮಗು ಎಂದಿನಂತೆ ಹೂಂ ಸಾರ್ ಎಂದಿತು. ಸೋಮವಾರ ಬ್ಲಾಂಟೈರ್‌ನಲ್ಲಿ ಅವಳ ಬೆನ್ನಿಗೆ ಯಾರದೋ ಕೂಸನ್ನು ಕಟ್ಟಿದರು.