ವಸುಧೆಯ ವಕೀಲೆ

ಒಂದು ಕಾದಂಬರಿಯ ಪಾತ್ರಗಳಿಗೆ ಬೈಯಲಿಕ್ಕೆಂದೇ ಮೂರು ತಾಲೂಕಿನ ಜನ ಬಸ್ಸು ಹಿಡಿದು ಆಲಂಕಾರಿಗೆ ಬರುತ್ತಾರೆಂದರೆ ಹೊರಗಿನವರು ನಂಬಲಾರರು. ಆದರೆ ಬರುತ್ತಿದ್ದರು. ಪುತ್ತೂರಿನಿಂದ, ಕಡಬದಿಂದ, ದೂರ ಜಾಸ್ತಿಯೆಂದು ಗೊಣಗುತ್ತ ಸುಳ್ಯದಿಂದಲೂ. ಕಾದಂಬರಿಯ ಹೆಸರು 'ಗೇಟು ಮುಚ್ಚುವ ಹೊತ್ತು'. ಒಂದು ಕಾಲೇಜು ಹಾಸ್ಟೆಲಿನ ಕತೆ. ಭೂತಗನ್ನಡಿ ಹಿಡಿದು ಹುಡುಕಿದರೂ ಅದರಲ್ಲಿ ನೆಟ್ಟಗಿನ ಮನುಷ್ಯನೊಬ್ಬ ಸಿಗುವುದಿಲ್ಲ. ಪ್ರೊಫೆಸರ್ ಗುರುಪಾದ ವಿದ್ಯಾರ್ಥಿಗಳ ಪ್ರಬಂಧ ಕದ್ದು ತಮ್ಮ ಹೆಸರಲ್ಲಿ ಅಚ್ಚು ಹಾಕಿಸುತ್ತಾರೆ. ವಿದ್ಯಾರ್ಥಿ ಸಂಘದ ನಾಯಕ ಧನಪಾಲ ಉಪವಾಸ ಸತ್ಯಾಗ್ರಹಕ್ಕೆ ಕೂತು, ಶಾಮಿಯಾನದ ಹಿಂದೆ ಬನ್ಸ್ ತಿನ್ನುತ್ತಾನೆ. ವಸುಧಾ ಎಂಬವಳಂತೂ ಜೀವದ ಗೆಳತಿ ನಿರುಪಮಾ ಕದ್ದು ನಾಟಕದ ಅಭ್ಯಾಸಕ್ಕೆ ಹೋದದ್ದನ್ನು ವಾರ್ಡನ್ನಿಗೆ ಚಾಡಿ ಹೇಳಿ, ಅವಳನ್ನು ಒಂದು ವರ್ಷ ಕಾಲೇಜಿನಿಂದಲೇ ಹೊರಹಾಕಿಸುತ್ತಾಳೆ.

ಇವರನ್ನೆಲ್ಲ ಓದುಗರು ಪ್ರೀತಿಯಿಂದ ದ್ವೇಷಿಸುತ್ತಿದ್ದರು. ಅವರದೇ ಫೋನಿನ ಗುಂಪೊಂದಿತ್ತು, ಅದರಲ್ಲಿ ದಿನಕ್ಕೊಂದು ಜೋಕು. "ಉಪವಾಸದಲ್ಲಿ ತೂಕ ಏರಿದ ಏಕೈಕ ನಾಯಕ" ಎಂದು ಧನಪಾಲನಿಗೆ ಬಿರುದು ಕೊಟ್ಟವಳು ಕಡಬದ ರಸೀನಾ. ಪುತ್ತೂರಿನಿಂದ ಸುಬ್ರಹ್ಮಣ್ಯದವರೆಗೆ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಈ ಪಾತ್ರಗಳಲ್ಲಿ ಯಾರಾದರೆ ಆದೀತು ಎಂದು ಅವಳು ಮತ ಕೇಳಿದಾಗ ಗುರುಪಾದರು ಭಾರೀ ಅಂತರದಲ್ಲಿ ಗೆದ್ದರು. ಕದಿಯುವಾಗಲಾದರೂ ಮನುಷ್ಯ ಸುಮ್ಮನೆ ಇರುತ್ತಾನಲ್ಲ ಎಂಬುದು ಮತದಾರರ ಲೆಕ್ಕ. ವಸುಧೆಗೆ ಬಿದ್ದದ್ದು ಒಂದೇ ಮತ, ಅದು ಭವಿತಾಳದ್ದು.

ಭವಿತಾ ಸುಳ್ಯದಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಯಾರಾದರೂ ವಸುಧೆಗೆ ಬೈದರೆ ಸಾಕು, ಉದ್ದುದ್ದ ಬರೆದು ಹಾಕುತ್ತಿದ್ದಳು. ತಾಯಿಗೆ ಕಾಯಿಲೆ, ವಾರ್ಡನ್ ಹೆದರಿಸಿದ್ದು, ಬಾಲ್ಯದ ಕಷ್ಟ, ಒಂದಲ್ಲ ಒಂದು ನೆಪ. ಹಾಗಾಗಿಯೇ ಗುಂಪಿನಲ್ಲಿ ಅವಳಿಗೆ 'ವಸುಧೆಯ ವಕೀಲೆ' ಎಂಬ ಹೆಸರು ಬಿತ್ತು. ನಿಜವಾಗಿ ವಕೀಲಿಕೆ ಕಲಿಯುತ್ತಿದ್ದವನು ಪುತ್ತೂರಿನ ಅಶ್ವಿತ್. ಅವನು ನಿರುಪಮೆಯ ಪಕ್ಷ.

ಗುಂಪಿಗೆ ವರ್ಷ ತುಂಬಿದಾಗ ಈ ಕಾದಂಬರಿಯನ್ನೇ ತಾಳಮದ್ದಳೆ ಮಾಡುವ ಎಂದು ಯಾರೋ ಹೇಳಿದರು, ಎಲ್ಲರೂ ಹಾರಿಬಿದ್ದು ಒಪ್ಪಿದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಪಾತ್ರದವರು ಕೂತಲ್ಲೇ ಗ್ರಂಥದ ಕನ್ನಡದಲ್ಲಿ ಅದಕ್ಕೆ ಅರ್ಥ ಹೇಳುತ್ತ ಎದುರಿನವರೊಂದಿಗೆ ವಾದಿಸುತ್ತಾರೆ. ಕತೆಯ ಕೊನೆಯನ್ನು ಬದಲಿಸುವಂತಿಲ್ಲ, ಬಾಯಿಗೆ ಬಂದ ಇಂಗ್ಲಿಷ್ ಹಾಕುವಂತಿಲ್ಲ. ಹಾಸ್ಟೆಲ್ 'ವಿದ್ಯಾರ್ಥಿನಿಲಯ'ವಾಯಿತು, ವಾರ್ಡನ್ 'ನಿಲಯಪಾಲಕಿ'ಯಾದಳು. ಹರಿಪ್ರಸಾದ್ ಭಾಗವತರು ಮೆಸ್ಸಿನ ಸಾಂಬಾರಿಗೆ ಕೂಡ ಒಂದು ಪದ್ಯ ಕಟ್ಟಿದರು.

ಉಳಿದವರಿಗೆ ಅದು ತಮಾಷೆ. ಭವಿತಾಳಿಗೆ ಹಾಗಲ್ಲ. ಅವಳ ಸೋದರಮಾವ ಮಾಯಿಲಪ್ಪ ಸುಳ್ಯದ ತಾಳಮದ್ದಳೆ ಸಂಘದ ಯಜಮಾನ. ಹಗಲು ರಬ್ಬರ್ ಶೀಟಿನ ವ್ಯಾಪಾರ, ಸಂಜೆ ಮಾತಿನ ವ್ಯಾಪಾರ. ಅವರೆದುರು ಅರ್ಥ ಹೇಳಲು ಹಿರಿಯರೂ ಹಿಂದೆಮುಂದೆ ನೋಡುತ್ತಿದ್ದರು. ಸಂಘದಲ್ಲಿ ದೊಡ್ಡ ಪಾತ್ರದ ಒಂದು ಸ್ಥಾನ ಖಾಲಿಯಾಗಿತ್ತು, ಅಂಥದ್ದೊಂದು ತನಗೆ ಸಿಗಬೇಕೆಂದು ಭವಿತಾಳಿಗೆ ಚಿಕ್ಕಂದಿನಿಂದ ಆಸೆ. ಮಾವ ಈವರೆಗೆ ಕೊಟ್ಟದ್ದು ಬಂದು ಸುದ್ದಿ ಹೇಳಿ ಹೋಗುವ ದೂತನ ಪಾತ್ರ ಮಾತ್ರ.

"ನಿನ್ನ ಮಾತು ಚಂದ ಉಂಟು ಹುಡುಗಿ. ಆದ್ರೆ ಯಾವ ಪಾತ್ರ ಕೊಟ್ರೂ ಅದನ್ನು ಒಳ್ಳೇದು ಮಾಡ್ಲಿಕ್ಕೆ ಹೊರಡ್ತಿ. ಕೆಟ್ಟವಳಾಗ್ಲಿಕ್ಕೆ ನಿಂಗೆ ಹೆದ್ರಿಕೆ. ಕೂತವರೆಲ್ಲ ನಿನ್ನನ್ನು ಇಷ್ಟಪಡ್ಬೇಕು ಅಂತ ಉಂಟಲ್ಲ, ಅದೇ ನಿನ್ನ ರೋಗ" ಎಂದಿದ್ದರು ಮಾವ.

ಭವಿತಾಳಿಗೆ ಮೈಯೆಲ್ಲ ಉರಿದಿತ್ತು. "ಆಲಂಕಾರಿಗೆ ಬಂದು ನೋಡಿ ಮಾವ" ಎಂದಿದ್ದಳು. ಮಾವ ಬಂದೂ ಬಿಟ್ಟರು.

ಭಾನುವಾರ ಮಧ್ಯಾಹ್ನ ಅಂಗಡಿಸಾಲಿನ ಮೇಲಿನ ಹಾಲ್ ತುಂಬಿತ್ತು. ಎಲ್ಲರ ಕೈಯಲ್ಲೂ ಪುಟಗಳ ತುದಿ ಮಡಚಿದ ಪುಸ್ತಕ. ಮೊದಲು ಧನಪಾಲನ ಪ್ರಸಂಗ, ರಸೀನಾಳೇ ಧನಪಾಲ. "ದೇಹ ಉಪವಾಸವಿದ್ದರೂ ಆತ್ಮಕ್ಕೆ ಹಸಿವಾದರೆ ಅದನ್ನು ತಣಿಸುವುದು ನಾಯಕನ ಧರ್ಮವಲ್ಲವೇ?" ಎಂದು ಅವಳು ಗಂಭೀರವಾಗಿ ಕೇಳಿದಾಗ ಜನ ಬೆಂಚು ಕುಟ್ಟಿದರು. ಮಾಯಿಲಪ್ಪ ಮಾವನೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ವಸುಧೆ ಮತ್ತು ನಿರುಪಮೆ. ಭವಿತಾಳ ಎದುರು ನಿರುಪಮೆಯಾಗಿ ಕೂತವನು ಅಶ್ವಿತ್. ಗಡ್ಡವಿದ್ದರೇನಂತೆ, ತಾಳಮದ್ದಳೆಯಲ್ಲಿ ಗಡ್ಡ ಲೆಕ್ಕಕ್ಕಿಲ್ಲ. ಪದ್ಯ ಮುಗಿದದ್ದೇ ಭವಿತಾ ತಾಯಿಯ ಕಾಯಿಲೆಯ ನೆಪ ತೆಗೆದಳು.

"ಸಖೀ, ನಿನ್ನ ತಾಯಿ ಹಾಸಿಗೆ ಹಿಡಿದದ್ದು ನಾನು ನಿಲಯ ಬಿಟ್ಟು ಹೋದ ಮೇಲೆ. ಬರಲಿರುವ ಕಾಯಿಲೆಗೆ ಮುಂಗಡವಾಗಿಯೇ ಬುದ್ಧಿ ಕೆಡಿಸಿಕೊಂಡೆಯಾ?" ಎಂದ ಅಶ್ವಿತ್.

ಹಾಲ್ ಘೊಳ್ಳೆಂದಿತು. ಭವಿತಾ ವಾರ್ಡನ್ನಿನ ಬೆದರಿಕೆಗೆ ಹಾರಿದಳು.

"ನಿಲಯಪಾಲಕಿ ಆ ಸಂಜೆ ಗೊರಕೆ ಹೊಡೆಯುತ್ತಿದ್ದಳು! ಬಾಗಿಲು ತಟ್ಟಿ ಎಬ್ಬಿಸಿದವಳೇ ನೀನು!"

ಜನ ಚಪ್ಪಾಳೆ ತಟ್ಟಿದರು. ಭವಿತಾಳ ಕಿವಿ ಬಿಸಿಯಾಯಿತು. ಮಾವನ ಕಡೆ ನೋಡಿದರೆ ಅವರು ಕಿಟಕಿಯಾಚೆ ನಿಂತ ಜೀಪು ನೋಡುತ್ತ ಕೂತಿದ್ದರು. ಬಾಲ್ಯದ ಕಷ್ಟವೊಂದು ಬಾಕಿ ಇತ್ತು. ಅದನ್ನು ಹೇಳಲು ಬಾಯಿ ತೆರೆದವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಈ ನೆಪಗಳನ್ನು ತಾನೇ ಒಂದು ದಿನವೂ ನಂಬಿರಲಿಲ್ಲ. ವಸುಧೆ ಅವಳಿಗೆ ಹಿಡಿಸಿದ್ದು ಒಳ್ಳೆಯವಳೆಂದಲ್ಲ. ಬಾಗಿಲು ತಟ್ಟುವಾಗ ಆ ಹುಡುಗಿಯ ಕೈ ನಡುಗಲಿಲ್ಲ ಎಂಬ ಒಂದು ವಾಕ್ಯ ಇತ್ತಲ್ಲ, ಅದಕ್ಕೆ. ಹೋಗಲಿ, ಇವತ್ತು ಯಾರಿಗೂ ಇಷ್ಟವಾಗದಿದ್ದರೆ ಬೇಡ ಎಂದುಕೊಂಡಳು.

"ಕಾರಣ ಬೇಕೇ ನಿರುಪಮಾ? ಕಾರಣವಿಲ್ಲ" ಎಂದಳು. "ನಾಟಕದ ನಾಯಕಿಯ ಪಾತ್ರ ನಿನಗೆ ದಕ್ಕಿತ್ತು. ಕನ್ನಡಿಯ ಮುಂದೆ ಹಾಡುತ್ತ ಜಡೆ ಹಾಕಿಕೊಳ್ಳುತ್ತಿದ್ದೆ. ಆ ನಿನ್ನ ಸಂತೋಷವನ್ನು ನನ್ನಿಂದ ನೋಡಲಾಗಲಿಲ್ಲ. ಹೋದೆ, ಬಾಗಿಲು ತಟ್ಟಿದೆ, ಹೇಳಿದೆ. ಬಂದು ಸುಖವಾಗಿ ನಿದ್ರಿಸಿದೆ."

ಅಶ್ವಿತ್ ಗೆದ್ದೇಬಿಟ್ಟೆನೆಂದು ಎದೆ ಸೆಟೆಸಿದ. "ಕೇಳಿದಿರಾ ಸಭಿಕರೇ, ತಪ್ಪೊಪ್ಪಿದಳು!"

"ಒಪ್ಪಿದೆ. ಮತ್ತೆ ಹೇಳಲೇ? ಒಪ್ಪಿದೆ. ಈಗ ನೀನು ಉತ್ತರಿಸು. ನಿನ್ನನ್ನು ಹೊರಹಾಕಿದ ದಿನವೇ ನಿಲಯಪಾಲಕಿ ನಿನಗೆ ನನ್ನ ಹೆಸರು ಹೇಳಿದ್ದಳು, ಅದು ನನಗೆ ತಿಳಿದದ್ದು ಬಹಳ ತಡವಾಗಿ. ವರ್ಷ ಕಳೆದು ಮರಳಿ ಬಂದೆ. ಅಷ್ಟು ದೊಡ್ಡ ನಿಲಯದಲ್ಲಿ ನನ್ನ ಕೋಣೆಯನ್ನೇ ಯಾಕೆ ಕೇಳಿ ಪಡೆದೆ?"

ಅಶ್ವಿತ್ ಕೂಡಲೇ ಉತ್ತರಿಸಿದ. "ನಿನ್ನನ್ನು ಕ್ಷಮಿಸಿದ್ದೆ, ಅದಕ್ಕೆ."

"ಕ್ಷಮಿಸುವವಳು ಮೊದಲು ಬೈಯುತ್ತಾಳೆ, ಅಳುತ್ತಾಳೆ. ನೀನು ಒಂದು ಮಾತು ಕೇಳಿದ್ದುಂಟೇ? ದಿನವೂ ನನ್ನ ತಟ್ಟೆಗೆ ಬಡಿಸಿದೆ. ನನ್ನ ಬಟ್ಟೆ ಮಡಚಿಟ್ಟೆ. ಎಲ್ಲರೆದುರು ಜೀವದ ಗೆಳತಿ ಎಂದು ನನ್ನ ಹೆಗಲಿಗೆ ಕೈ ಹಾಕಿದೆ. ಇವಳಿಗೆ ತಿಳಿದಿದೆಯೋ ಇಲ್ಲವೋ ಎಂದು ಅರಿಯದೆ ನಾನು ಬೆಂದುಹೋಗುವುದನ್ನು ಪಕ್ಕದ ಮಂಚದಲ್ಲಿ ಮಲಗಿ ನೋಡಿದೆ. ನಾನು ನಿನಗೆ ಕೇಡು ಮಾಡಿದ್ದು ಒಂದು ಸಂಜೆ, ನಿರುಪಮಾ. ನೀನು ಪ್ರತಿದಿನ ಮಾಡಿದೆ. ನಮ್ಮಿಬ್ಬರಲ್ಲಿ ಕೇಡಿನಲ್ಲಿ ಪಳಗಿದವಳು ಯಾರು?"

ಅಶ್ವಿತ್ ಸಹಾಯಕ್ಕೆಂದು ಭಾಗವತರ ಮುಖ ನೋಡಿದ. ಅವರು ತಾಳ ಹಿಡಿದುಕೊಂಡು ಭವಿತಾಳನ್ನೇ ನೋಡುತ್ತಿದ್ದರು. ಹಿಂದಿನ ಸಾಲುಗಳಲ್ಲಿ ಸರಸರನೆ ಪುಟ ಮಗುಚುವ ಸದ್ದು.

"ಹೌದು ಮಾರಾಯ್ರೆ! ರೂಮು ಅವಳೇ ಕೇಳಿದ್ದು, ಇಲ್ಲಿ ಉಂಟು!" ರಸೀನಾ ಪುಸ್ತಕ ಎತ್ತಿ ಹಿಡಿದು ಕೂಗಿದಳು. "ಒಂದು ವರ್ಷದಿಂದ ನಾವು ಈ ಕಳ್ಳಿಯನ್ನು ಪಾಪ ಪಾಪ ಅಂತ ಹೇಳ್ತಾ ಇದ್ದದ್ದಾ?"

ಹಾಲ್ ಎದ್ದು ನಿಂತಿತು. ಸಿಳ್ಳೆ, ಚಪ್ಪಾಳೆ, ಬೆಂಚುಗಳ ಸದ್ದು. ತಾಳಮದ್ದಳೆಯಲ್ಲಿ ಮಾತು ನಿಂತವನಿಗೆ ಸೋಲು. ಅಶ್ವಿತನ ಮಾತು ನಿಂತಿತ್ತು. ಕತೆಯ ಪ್ರಕಾರ ವಸುಧೆ ತಲೆ ತಗ್ಗಿಸಿ ಹಾಸ್ಟೆಲು ಬಿಡಬೇಕು, ಬಿಟ್ಟಳು. ಆದರೆ ಆ ಪದ್ಯಕ್ಕೆ ಚೆಂಡೆಯವನು ಬಾರಿಸಿದ್ದು ದಂಡೆತ್ತಿ ಗೆದ್ದುಬಂದವರಿಗೆ ಬಾರಿಸುವ ಪೆಟ್ಟು. ಭವಿತಾಳ ಕಣ್ಣು ಹನಿಗೂಡಿತು. ಖುಷಿಗೆ ಕೈಕಾಲು ನಿಂತಲ್ಲಿ ನಿಲ್ಲಲಿಲ್ಲ.

"ಎಂತ ಮಾರಾಯ್ತಿ ನೀನು! ನನ್ನ ನಿರುಪಮಾಳನ್ನು ಹಾಳು ಮಾಡಿ ಹಾಕಿದೆ" ಎಂದು ಅಶ್ವಿತ್ ಬಂದು ಕೈ ಕುಲುಕಿದ. "ಈಗ ಅವಳು ನಂಗೆ ಮೊದಲಿಗಿಂತ ಜಾಸ್ತಿ ಇಷ್ಟ ಆದಳು."

ಜನರ ನಡುವೆ ದಾರಿ ಮಾಡಿಕೊಂಡು ಮಾಯಿಲಪ್ಪ ಮಾವ ಬಂದರು. ಹೊಗಳುವುದು ಅವರ ಜಾಯಮಾನವಲ್ಲ. ಸೊಸೆಯ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು.

"ಮುಂದಿನ ಕೂಟಕ್ಕೆ ನನ್ನೆದುರು ನೀನೇ ಕೂತ್ಕೊ" ಎಂದರು. "ಒಳ್ಳೆಯವ ನಾನು. ಕೆಟ್ಟವಳು ನೀನು."

ಭವಿತಾ ಕೈ ಮುಗಿಯಲಿಲ್ಲ, ಕಾಲಿಗೆ ಬೀಳಲಿಲ್ಲ. ಮಾವನ ಕಣ್ಣಿಗೆ ಕಣ್ಣು ಕೊಟ್ಟು ನಿಂತಳು.

"ಆಗ್ಬಹುದು ಮಾವ. ಆದ್ರೆ ಸೋತ್ರೆ ಬೇಜಾರು ಮಾಡ್ಬಾರ್ದು."