ಬಲಕ್ಕೆ ಹೊರಳಿದಾಗ ಟಕ್

ಬಾಗಲಕೋಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಅಂದಾನಪ್ಪನ ಹಳೆಯ ಫಿಯೆಟ್ ಕಾರು ಬಲಕ್ಕೆ ಹೊರಳಿದಾಗಲೆಲ್ಲ ಸ್ಟೀರಿಂಗ್ ಹತ್ತಿರ ಟಕ್ ಎನ್ನುತ್ತಿತ್ತು. ದೊಡ್ಡ ಸಪ್ಪಳವಲ್ಲ. ಮುಚ್ಚಿದ ಬಾಗಿಲನ್ನು ಯಾರೋ ಸಂಕೋಚದಿಂದ ಒಂದೇ ಬೆರಳಲ್ಲಿ ಬಡಿದ ಹಾಗೆ. ನೇರ ರಸ್ತೆಯಲ್ಲಿ ಅದು ಇರುತ್ತಲೇ ಇರಲಿಲ್ಲ.

ಬೇರೆಯವರಾಗಿದ್ದರೆ ಕಾರಿನಲ್ಲಿ ಕೂತವರನ್ನು "ನಿಮಗೂ ಕೇಳತೈತೇನು?" ಎಂದು ಕೇಳಿ ಮುಗಿಸುತ್ತಿದ್ದರು. ಅಂದಾನಪ್ಪನಿಗೆ ಆ ಒಂದು ಪ್ರಶ್ನೆ ಮಾತ್ರ ಬಾಯಿಂದ ಹೊರಡುತ್ತಿರಲಿಲ್ಲ. ಅದು ಅವನ ಅಪ್ಪನ ಪ್ರಶ್ನೆಯಾಗಿತ್ತು.

ಇಳಕಲ್ಲಿನ ಮನೆಯಲ್ಲಿ ಅಪ್ಪ ಕೊನೆಯ ವರ್ಷಗಳನ್ನು ಬೀದಿಯ ಕಡೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕಳೆದರು. ಬೆನ್ನು ಬಾಗಿತ್ತು, ಕಣ್ಣು ಮಂಜಾಗಿತ್ತು. ಹೋಗಿಬರುವವರ ಗುರುತು ಹಿಡಿಯಲು ಕಬ್ಬಿಣದ ಸರಳುಗಳ ತನಕ ಬಗ್ಗುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ, "ಯಾರೋ ಬಾಗಲಾ ಬಡ್ಯಾಕತ್ತಾರ, ನೋಡ್ರಿ" ಎನ್ನುತ್ತಿದ್ದರು. ತೆಗೆದರೆ ಯಾರೂ ಇರುತ್ತಿರಲಿಲ್ಲ. ಮನೆಯವರು ಬಂದು ಸುತ್ತ ನಿಂತಾಗ ಅಪ್ಪ ಕಿಟಕಿ ಬಿಟ್ಟು ಹಿಂದಕ್ಕೆ ಒರಗಿ, ಉಸಿರು ಹಿಡಿದು ಕಿವಿಗೊಟ್ಟು ಕೇಳುತ್ತಿದ್ದರು: "ನಿಮಗೂ ಕೇಳತೈತೇನು?" ಯಾರಿಗೂ ಕೇಳುತ್ತಿರಲಿಲ್ಲ. ಅಣ್ಣ ರಾಚಪ್ಪ ಹುನಗುಂದದ ಡಾಕ್ಟರರ ಹತ್ತಿರ ಹೋಗಿ ಗುಳಿಗೆ ತಂದ. ಅಪ್ಪ ಗುಳಿಗೆ ನುಂಗಿದರು, ಕೇಳುವುದನ್ನು ಬಿಟ್ಟರು, ಬರಬರುತ್ತ ಮಾತನ್ನೂ ಬಿಟ್ಟರು.

ಅವರು ಲಿಂಗೈಕ್ಯರಾದಾಗ ಕೊರಳಿನ ಇಷ್ಟಲಿಂಗ ಅವರೊಂದಿಗೇ ಹೋಯಿತು. ಅದನ್ನು ಇಟ್ಟುಕೊಳ್ಳುತ್ತಿದ್ದ ಬೆಳ್ಳಿಯ ಕರಡಿಗೆ ಉಳಿಯಿತು. ಸೀರೆ ಅಂಗಡಿ ರಾಚಪ್ಪನ ಪಾಲಿಗೂ, ಕರಡಿಗೆ ಅಪ್ಪನ ಉದ್ದನೆಯ ದಾರದ ಸಮೇತ ಅಂದಾನಪ್ಪನ ಕೊರಳಿಗೂ ಬಂದವು. ಅಂದಾನಪ್ಪ ತನ್ನ ಲಿಂಗವನ್ನು ಅದರಲ್ಲಿಟ್ಟು ಕಟ್ಟಿಕೊಂಡ. ಜೊತೆಗೆ ಅಪ್ಪನ ಕಿವಿಯೂ ಬಂದಿರಬಹುದು ಎಂಬ ಅನುಮಾನ ಕಾರಿನಲ್ಲಿ ಸಪ್ಪಳ ಶುರುವಾದ ಮೇಲೆ ಹುಟ್ಟಿತು.

ಅದಕ್ಕೇ ಅವನು ಮನೆಯಲ್ಲಿ ತುಟಿ ಬಿಚ್ಚದೆ ನೇರ ಮೀರಾಸಾಬನ ಗ್ಯಾರೇಜಿಗೆ ಹೋದ.

"ಎಲ್ಲಿ ಬರತೈತ್ರಿ ಮಾಸ್ತರ್ರ?"

"ಸ್ಟೀರಿಂಗ್ ಕಡೆ. ಬಲಕ್ಕ ಹೊಳ್ಳಿಸಿದಾಗ."

"ಕುಂದರ್ರಿ, ಒಂದ್ ರೌಂಡ್ ಹೊಡದು ಬರೂನು."

ಮೀರಾಸಾಬ ತಾನೇ ಸ್ಟೀರಿಂಗ್ ಹಿಡಿದ. ಅಂದಾನಪ್ಪ ಕಾರು ತಿರುಗಿಸುವಾಗ ಇಡೀ ಮೈಯನ್ನೂ ಸ್ಟೀರಿಂಗ್ ಮೇಲೆ ಹಾಕಿ ತಿರುಗಿಸುತ್ತಿದ್ದ. ಮೀರಾಸಾಬ ಸೀಟಿಗೆ ಒರಗಿಕೊಂಡು, ಬೀಡಿ ಹಿಡಿದ ಕೈಯಲ್ಲೇ ತಿರುಗಿಸಿದ. ಸಪ್ಪಳ ಬರಲಿಲ್ಲ.

"ಎಲ್ಲೈತ್ರಿ?"

"ಈಗ ಇಲ್ಲ. ನಾ ನಡಸ್ತೇನಿ, ನೀ ಬಾಜೂಕ ಕುಂತು ಕೇಳು."

"ತೋಬಾ ತೋಬಾ! ನನ್ನ ಮಗಗ ಕಾಲೇಜ ಕಲಿಸಿದೋರು ನೀವು. ನೀವು ಡ್ರೈವರ್ ಆಗಿ, ನಾ ಸಾವಕಾರ ಆಗಿ ಪ್ಯಾಟ್ಯಾಗ ಹೊಂಟ್ರ ಮಂದಿ ನನ್ನ ಮಾರಿಮ್ಯಾಲ ಉಗಳ್ತಾರ್ರಿ."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಮೊದಲ ಸಲ ಗ್ರೀಸ್ ಹಾಕಿದ. ಎರಡನೆಯ ಸಲ ಒಳಗಿನ ಬುಷ್ ಬದಲಿಸಿದ. ಮುಂದಿನ ಸಲ ಪೂರ್ತಿ ಬಿಚ್ಚಿ ಜೋಡಿಸಿ, ಉಳಿದ ಒಂದು ಬೋಲ್ಟನ್ನು ಒರೆಸಿ ಅಂದಾನಪ್ಪನ ಕೈಗಿಟ್ಟ.

"ಇದು ಎಲ್ಲೀದಂತ ತಿಳೀವಲ್ದ್ರಿ. ಇದು ಇಲ್ದನೂ ಗಾಡಿ ಹೂವಿನಂಗ ಹೊಂಟೈತಿ. ಮನ್ಯಾಗ ಇಟಗೊಳ್ರಿ."

ಅಂದಾನಪ್ಪ ಬೋಲ್ಟನ್ನು ಕಿಸೆಗೆ ಹಾಕಿಕೊಂಡು ಕಾರು ಹತ್ತಿದ. ಗ್ಯಾರೇಜಿನ ಗೇಟು ದಾಟಿ ಬಲಕ್ಕೆ ಹೊರಳಿದ. ಟಕ್.

ಆ ವಾರ ತರಗತಿಯಲ್ಲಿ ಧ್ವನಿಯ ಪಾಠವಿತ್ತು. ಹುಟ್ಟಿಸುವ ವಸ್ತು, ಸಾಗಿಸುವ ಗಾಳಿ, ಕೇಳುವ ಕಿವಿ ಎಂದು ಬೋರ್ಡಿನ ಮೇಲೆ ಬರೆದವನು 'ಕಿವಿ' ಎಂಬ ಪದದ ಎದುರಿಗೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟ. ಹುಡುಗರು ಬರೆದುಕೊಂಡು, ಪೆನ್ನು ಮುಚ್ಚಿ, ಕಾದರು.

ಎಪ್ಪತ್ತೆಂಟರ ಚಳಿಗಾಲದಲ್ಲಿ ಅಪ್ಪ ಹೋಗಿ ವರ್ಷ ತುಂಬಿತು. ಅಂದಾನಪ್ಪ ಹೆಂಡತಿ ಸಾವಿತ್ರೆವ್ವನನ್ನು ಕರೆದುಕೊಂಡು ಬದಾಮಿಯ ಆಚೆ ಶಿವಯೋಗ ಮಂದಿರಕ್ಕೆ ಹೋದ. ಸಾವಿತ್ರೆವ್ವ ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಿದ್ದಳು. ಕಾರಿನಲ್ಲಿ ಅವಳು ಮಾತಾಡುತ್ತಿರಲಿಲ್ಲ. ನಡೆಸುವವರ ಲಕ್ಷ್ಯ ತಪ್ಪುತ್ತದೆ ಎಂದು ಅವಳ ನಂಬಿಕೆ. ಹೋಗುವಾಗ ದಾರಿಯುದ್ದಕ್ಕೂ ಸಪ್ಪಳ ಬಂತು. ಅಂದಾನಪ್ಪ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಅದರಲ್ಲಿ ಏನೂ ಇರಲಿಲ್ಲ.

ಮಲಪ್ರಭೆಯಲ್ಲಿ ಮಿಂದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮುಗಿಸಿದ. ಕರಡಿಗೆಯ ದಾರ ನೆನೆದಿತ್ತು. ಇಳಿಬಿಟ್ಟರೆ ಹೊಟ್ಟೆಗೆ ತಣ್ಣಗೆ ಅಂಟುತ್ತದೆಂದು ಎರಡು ಸುತ್ತು ಮಾಡಿ ಕೊರಳಿಗೆ ಹಾಕಿಕೊಂಡ. ಕರಡಿಗೆ ಗಂಟಲ ಕೆಳಗೆ ಬಂದು ಕೂತಿತು. ಅದರ ಮೇಲೆ ಅಂಗಿ ತೊಟ್ಟು ಹೊರಟ.

ಬದಾಮಿಯಲ್ಲಿ ಬಲಕ್ಕೆ ಹೊರಳಿದ. ಸದ್ದಿಲ್ಲ. ಮತ್ತೊಂದು ತಿರುವಿನಲ್ಲೂ ಇಲ್ಲ. ಅದು ಸಮಾಧಾನದ ಬದಲು ಅವನಿಗೆ ದಿಗಿಲು ತಂದಿತು. ಕಾರಿನ ದೋಷ ನದಿಯ ಸ್ನಾನದಿಂದ ಹೋಗುವುದಿಲ್ಲ. ತಲೆಯ ದೋಷ ಹೋಗಬಹುದು.

ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತರು. ಬಿಸಿಲೇರಿತ್ತು. ದಾರ ಒಣಗಿ ಕುತ್ತಿಗೆಯನ್ನು ತಿಕ್ಕುತ್ತಿತ್ತು. ಅಂದಾನಪ್ಪ ಒಂದು ಸುತ್ತು ಬಿಚ್ಚಿ ಕರಡಿಗೆಯನ್ನು ಎಂದಿನಂತೆ ಹೊಟ್ಟೆಯ ತನಕ ಇಳಿಬಿಟ್ಟು ಮತ್ತೆ ಕಾರು ಹತ್ತಿದ. ಹೆದ್ದಾರಿಗೆ ಬಲಕ್ಕೆ ಹೊರಳಿದ. ಟಕ್.

"ಮತ್ತ ಸುರು ಆತಲ್ರಿ ಅದು" ಎಂದಳು ಹಿಂದಿನಿಂದ ಸಾವಿತ್ರೆವ್ವ.

ಅಂದಾನಪ್ಪ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಹಿಂದಿದ್ದ ಲಾರಿಯವನು ಹಾರ್ನ್ ಹೊಡೆದು ಬೈದು ಮುಂದೆ ಹೋದ.

"ಏನ್ ಸುರು ಆತು?"

"ಅದ, ಟಕ್ ಅನ್ನೂದು."

"ನೀ ಯಾವಾಗಿಂದ ಕೇಳಾಕತ್ತೀದಿ?"

"ಮೊದಲಿಂದ್ಲೂ. ಗಾಡಿ ಅಂದಮ್ಯಾಲ ಒಂದ್ ಸಪ್ಪಳ ಇರತೈತಿ ಬಿಡು ಅಂತ ಸುಮ್ನಿದ್ದೆ. ಮಂದಿರದಿಂದ ಇಲ್ಲೀತನಕ ಇದ್ದಿಲ್ಲ. ನಿಮ್ಮ ಚಾ ಕುಡಿಯೂದ ಆಗಿಲ್ಲ, ಬಂತ್ ನೋಡ್ರಿ."

ಅಂದಾನಪ್ಪನಿಗೆ ಅಳಬೇಕೆನ್ನಿಸಿತು. ಅಳದೆ, ಚಹಾದ ಅಂಗಡಿಯಲ್ಲಿ ತಾನು ಮಾಡಿದ್ದೇನೆಂದು ಯೋಚಿಸಿದ. ಕುಡಿದದ್ದು, ದಾರ ಬಿಚ್ಚಿದ್ದು. ನಿಂತ ಕಾರಿನಲ್ಲೇ ಸ್ಟೀರಿಂಗ್ ಮೇಲೆ ಬಾಗಿ ಬಲಕ್ಕೆ ಮೈ ಹೊರಳಿಸಿದ. ಟಕ್. ಕೆಳಗೆ ನೋಡಿಕೊಂಡ. ತೆಳು ಅಂಗಿಯೊಳಗಿನ ಕರಡಿಗೆ ಸ್ಟೀರಿಂಗಿನ ಉಕ್ಕಿನ ಕಡ್ಡಿಗೆ ತಾಗಿ ಇನ್ನೂ ಸಣ್ಣಗೆ ತೂಗುತ್ತಿತ್ತು. ಹುಟ್ಟಿನಿಂದ ಮೈಮೇಲೆ ಲಿಂಗ ಇರುವವನಿಗೆ ಅದು ಇದೆ ಎಂಬುದೇ ಮರೆತಿರುತ್ತದೆ. ನೆಟ್ಟಗೆ ಕೂತ. ಸದ್ದಿಲ್ಲ. ಮತ್ತೆ ಬಾಗಿದ. ಟಕ್.

"ತಿಳೀತೇನ್ರಿ?" ಎಂದಳು ಸಾವಿತ್ರೆವ್ವ.

"ತಿಳೀತು."

ಆದರೆ ಅವನು ಕಾರು ಶುರು ಮಾಡಲಿಲ್ಲ. ಬಾಗಿದ ಬೆನ್ನು, ಕಬ್ಬಿಣದ ಸರಳು, ಇದೇ ಕರಡಿಗೆ, ಇದೇ ದಾರ. ಜನ ಬಂದು ನಿಂತ ಕೂಡಲೇ ಅಪ್ಪ ಹಿಂದಕ್ಕೆ ಒರಗಿ ಉಸಿರು ಹಿಡಿಯುತ್ತಿದ್ದುದು. ಅಪ್ಪನಿಗೆ ಕೇಳಿದ್ದು ಇದ್ದ ಸಪ್ಪಳವೇ.

ದಾರವನ್ನು ಅವನು ಗಿಡ್ಡ ಮಾಡಿಕೊಳ್ಳಲಿಲ್ಲ.

ಮುಂದಿನ ಐತವಾರ ಹುನಗುಂದದ ಮೇಲೆ ಇಳಕಲ್ಲಿಗೆ ಹೋದ. ರಾಚಪ್ಪ ಒಳಗೆ ಊಟಕ್ಕೆ ಕೂತಿದ್ದ.

"ಬಾರಲೇ, ಒಂದ್ ರೊಟ್ಟಿ ತಿನ್ನು."

"ನಿನ್ನ ಊಟ ಆಗಲಿ" ಎಂದು ಅಂದಾನಪ್ಪ ಪಡಸಾಲೆಯಲ್ಲೇ ಉಳಿದ. ಅಪ್ಪನ ಕುರ್ಚಿ ಇನ್ನೂ ಕಿಟಕಿಯ ಹತ್ತಿರವೇ ಇತ್ತು. ಅದರ ಮೇಲೆ ಸೀರೆಯ ಗಂಟುಗಳಿದ್ದವು. ಅವನ್ನು ಇಳಿಸಿ ಕೂತು, ಬೆನ್ನು ಬಗ್ಗಿಸಿ, ಬೀದಿ ನೋಡಲು ಸರಳಿನ ತನಕ ಬಾಗಿದ.

ಟಕ್.

"ಯಾರೋ ಬಾಗಲಾ ಬಡದ್ರು, ನೋಡಲೇ" ಎಂದ ರಾಚಪ್ಪ ಒಳಗಿನಿಂದ.

ಅಂದಾನಪ್ಪ ಏಳಲಿಲ್ಲ. ಇನ್ನೊಮ್ಮೆ ಬಾಗಿದ.

"ಕುಂತಲ್ಲೇ ಕುಂತೀಯಲ್ಲೋ!" ರಾಚಪ್ಪ ಎಂಜಲು ಕೈಯಲ್ಲೇ ಬಂದು, ಎಡಗೈಯಿಂದ ಚಿಲಕ ಸರಿಸಿ ಬಾಗಿಲು ತೆಗೆದ. ಬೀದಿಯಲ್ಲಿ ಯಾರೂ ಇರಲಿಲ್ಲ.

"ನಿನಗೂ ಕೇಳತೈತೇನು?" ಎಂದ ಅಂದಾನಪ್ಪ.

"ಕೇಳದೇನು? ನಾ ಏನ್ ಕಿವುಡ ಅದೀನೇನಲೇ?" ಎಂದು ರಾಚಪ್ಪ ರೇಗಿದ. ಆಮೇಲೆ ತಮ್ಮ ಕೂತ ಕುರ್ಚಿ ನೋಡಿದ. ಬಾಗಿಲು ಮುಚ್ಚುವುದನ್ನು ಮರೆತು, ಚಿಲಕ ಹಿಡಿದುಕೊಂಡೇ ನಿಂತ.