ಏಡಿ ಕೆರೆಯ ನೀಲಿ ಡ್ರಮ್ಮು

ನಾನೊಂದು ನೀಲಿ ಡ್ರಮ್ಮು. ಪ್ಲಾಸ್ಟಿಕ್ ಹರಳುಗಳನ್ನು ಕರಗಿಸಿ, ಕಬ್ಬಿಣದ ಅಚ್ಚಿನೊಳಗೆ ಇಳಿಸಿ, ಗಾಳಿ ಊದಿ ನನ್ನನ್ನು ಮಾಡಿದರು. ನನ್ನ ಹೊಟ್ಟೆಗೆ ಮೊದಲು ಬಿದ್ದದ್ದು ಬ್ಲೀಚಿಂಗ್ ಪುಡಿ. ಮೂಗಿಗೆ ಇರಿಯುವ ಆ ವಾಸನೆ ಒಮ್ಮೆ ಗೊತ್ತಾದರೆ ಮರೆಯುವಂಥದ್ದಲ್ಲ. ಅದು ಕಣ್ಣಿಗೆ ಕಾಣದ ಜೀವಗಳನ್ನು ಕೊಲ್ಲುವ ಪುಡಿ. ಅದನ್ನು ಹೊತ್ತು ಊರೂರು ತಿರುಗಿದೆ. ಪುಡಿ ಮುಗಿದ ಮೇಲೆ ಕುಂದಾಪುರದ ಒಂದು ಗುಜರಿ ಅಂಗಡಿಯ ಮೂಲೆ ಸೇರಿದೆ.

ಅಲ್ಲಿಂದ ನನ್ನನ್ನು ತಂದವಳು ಗುಲಾಬಿ. ಅವಳ ಗಂಡ ಮೀನಿಗೆ ಹೋದವನು ಮರಳಿ ಬಂದಿರಲಿಲ್ಲ. ತಮ್ಮ ಶೀನನೂ ಬೋಟಿನ ಕೆಲಸದವನೇ. ಅವನನ್ನು ದಡದಲ್ಲಿ ಉಳಿಸಿಕೊಳ್ಳಬೇಕೆಂದೇ ಅವಳು ಹಿನ್ನೀರಿನ ಬದಿಯಲ್ಲಿ ಕೆರೆ ತೋಡಿಸಿ ಏಡಿ ಮರಿ ಬಿಟ್ಟಿದ್ದಳು. ಈಗ ಏಡಿಗಳು ಸಾಯುತ್ತಿದ್ದವು. ಹೆಚ್ಚಿನವು ಚಿಪ್ಪು ಕಳಚುವ ಹೊತ್ತಿಗೇ ಸಾಯುತ್ತಿದ್ದವು. ತಳದ ಕೆಸರು ಕಪ್ಪಾಗಿ, ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು.

ಏಡಿ ಸಾಕಣೆಯ ತರಬೇತಿಯಲ್ಲಿ ಅವಳಿಗೆ ಪ್ರೋಬಯಾಟಿಕ್ ಪುಡಿಯ ಒಂದು ಪೊಟ್ಟಣ ಕೊಟ್ಟಿದ್ದರು. ಅದರಲ್ಲಿ ಒಳ್ಳೆಯ ಸೂಕ್ಷ್ಮಜೀವಿಗಳು ನಿದ್ದೆ ಮಾಡುತ್ತಿರುತ್ತವಂತೆ. ನೀರಲ್ಲಿ ನೆನೆಸಿ, ಬೆಲ್ಲ, ತೌಡು ಕೊಟ್ಟು, ಗಾಳಿ ಊದಿದರೆ ಎದ್ದು ಹೆಚ್ಚುತ್ತವೆ. ಕೆರೆಗೆ ಸುರಿದರೆ ತಳದ ಕೊಳೆಯನ್ನು ತಿನ್ನುತ್ತವೆ, ರೋಗದ ಜೀವಿಗಳಿಗೆ ಜಾಗ ಕೊಡುವುದಿಲ್ಲ. ಕೊಲ್ಲುವ ಪುಡಿ ಹೊತ್ತ ನನಗೆ ಈಗ ಸಾಕುವ ಕೆಲಸ! ನಂಬಲು ಕಷ್ಟವಾಯಿತು.

ಗುಲಾಬಿ ನನ್ನನ್ನು ತಿಕ್ಕಿ ತೊಳೆದು, ಎರಡು ದಿನ ಬಿಸಿಲಿಗಿಟ್ಟು, ನಳದ ನೀರು ತುಂಬಿಸಿದಳು. ನೀರು ತಾಗಿದ್ದೇ ತಡ, ನನಗೆ ಹಳೆಯ ವಾಸನೆ ಬಡಿಯಿತು. ಕೂಗಿ ಹೇಳೋಣವೆಂದರೆ ನನಗಿದ್ದದ್ದು ಬಾಯಿ ಮಾತ್ರ, ಮಾತು ಇರಲಿಲ್ಲ. ಪೊಟ್ಟಣದ ಸ್ವಲ್ಪ ಪುಡಿ ಆ ನೀರಿನಲ್ಲೇ ರಾತ್ರಿಯಿಡೀ ನೆನೆಯಿತು. ಬೆಳಿಗ್ಗೆ ಬೆಲ್ಲ ಬಿತ್ತು, ತೌಡು ಬಿತ್ತು. ಮರುದಿನ ಶೀನ ಮುಚ್ಚಳ ತೆಗೆದ.

"ಎಂತ ಅಕ್ಕ ಇದ್? ನೊರೆಯೂ ಇಲ್ಲ, ಹುಳಿಯೂ ಇಲ್ಲ. ಬ್ಲೀಚಿಂಗ್ ತುಂಬ್ಸಿದ್ ಡ್ರಮ್ಮಂಗೆ ಮದ್ದ್ ಮಾಡುಕ್ ಆತ್ತಾ?"

"ತಿಕ್ಕಿ ತಿಕ್ಕಿ ತೊಳ್ದೆ ಮಾರಾಯ. ನಿನ್ನ ಬನೀನನ್ನೂ ನಾನ್ ಅಷ್ಟ್ ತೊಳೂದಿಲ್ಲ."

"ಆಯ್ತ್ ಬಿಡ್. ಮುಂದಿನ್ ವಾರ ನಾ ಬೋಟಿಗೆ ಹೋತೆ."

ಗುಲಾಬಿ ನನ್ನನ್ನು ತೆಂಗಿನ ಬುಡಕ್ಕೆ ಉರುಳಿಸಿ, ಪೊಟ್ಟಣದಲ್ಲಿ ಉಳಿದಿದ್ದ ಪುಡಿಯಲ್ಲಿ ಅರ್ಧವನ್ನು ಹೊಸ ಬಕೆಟ್ಟಿನಲ್ಲಿ ಅದೇ ನಳದ ನೀರು ಹಿಡಿದು ನೆನೆಸಿದಳು. ಅದೂ ಹಾಗೆಯೇ ಸಪ್ಪಗೆ ಕೂತಿತು. ಆಗ ಅವಳು ನಳ ಬಿಟ್ಟು, ಚೊಂಬಿನಲ್ಲಿ ನೀರು ಹಿಡಿದು ಮೂಗಿನ ಹತ್ತಿರ ತಂದಳು.

"ಶೀನಾ, ಇಲ್ ಬಾ. ಮೂಸ್ ಕಾಂಬ."

"ಹೋ! ಡ್ರಮ್ಮಿನ್ ವಾಸನೆ!"

"ಡ್ರಮ್ಮಿಂದಲ್ಲ, ಪಂಚಾಯ್ತಿ ಟ್ಯಾಂಕಿಂದ್. ಕುಡೂ ನೀರಿಗೆ ಬ್ಲೀಚಿಂಗ್ ಹಾಕುದ್ ಅವ್ರ ತಪ್ಪಲ್ಲ. ಅದ್ರಂಗೆ ಜೀವ ಸಾಕುಕ್ ಹೊರಟದ್ದ್ ನಾವ್."

"ಸುಮ್ನೆ ಡ್ರಮ್ಮಿಗೆ ಬೈದೆ."

"ಅದ್ಕೆ ಕೆಮಿ ಇಲ್ಲ ಬಿಡ್."

ಕಿವಿ ಇಲ್ಲದಿದ್ದರೂ ನನಗೆ ಕೇಳಿಸಿತು.

ಈ ಸಲ ನನ್ನನ್ನು ಮತ್ತೆ ಎತ್ತಿ ನಿಲ್ಲಿಸಿ, ಬಾವಿಯ ನೀರು ತುಂಬಿಸಿ, ಉಳಿದ ಪುಡಿಯನ್ನು ಹಾಕಿದರು. ಮೊದಲು ಏನೂ ಆಗಲಿಲ್ಲ. ಆಮೇಲೆ ನನ್ನ ಗೋಡೆಗೆ ಸಣ್ಣ ಬಿಸುಪು ತಾಗಿತು. ನೊರೆ ಎದ್ದಿತು, ದೋಸೆ ಹಿಟ್ಟು ಉಕ್ಕಿದಾಗಿನಂಥ ಹುಳಿ ವಾಸನೆ ಮುಚ್ಚಳದ ಸಂದಿಯಿಂದ ಹೊರಬಂತು. ಒಂದು ಹಿಡಿ ಪುಡಿಯಿಂದ, ಈ ಊರಿನ ಜನರಿಗಿಂತ, ಈ ದೇಶದ ಜನರಿಗಿಂತ ಹೆಚ್ಚು ಜೀವಗಳು ನನ್ನೊಳಗೆ ಹುಟ್ಟಿದ್ದವು. ಒಂದಕ್ಕೂ ಸದ್ದಿಲ್ಲ, ಒಂದೂ ಕಣ್ಣಿಗೆ ಬೀಳುವುದಿಲ್ಲ. ಗುಲಾಬಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು ನಿಂತಳು, ಬಸುರಿಯ ಹೊಟ್ಟೆ ಮುಟ್ಟಿದವಳ ಹಾಗೆ.

ಶೀನ ನನ್ನೊಳಗಿನ ನೀರನ್ನು ಕೆರೆಗೆ ಸುರಿದು, ಬೋಟಿಗೆ ಹೋಗುವುದನ್ನು ಒಂದು ತಿಂಗಳು ಮುಂದೆ ಹಾಕಿದ. ಆ ತಿಂಗಳಲ್ಲಿ ಕೆಸರಿನ ನಾತ ಇಳಿಯಿತು, ಸಾವು ಕಡಿಮೆಯಾಯಿತು. ಎಲ್ಲ ನನ್ನೊಳಗಿನ ಜೀವಗಳಿಂದಲೇ ಎಂದು ಹೇಳಲಾರೆ. ಅವರು ಮೇವು ಕಡಿಮೆ ಮಾಡಿದ್ದರು, ಕೆರೆಯ ನೀರನ್ನೂ ಬದಲಾಯಿಸುತ್ತಿದ್ದರು. ಆದರೆ ಆ ತಿಂಗಳು ಮುಗಿದದ್ದು ಅಕ್ಕ ತಮ್ಮ ಇಬ್ಬರಿಗೂ ನೆನಪಾಗಲಿಲ್ಲ.

ವರ್ಷಗಳ ಬಿಸಿಲಿಗೆ ನಾನು ಬಿರುಕುಬಿಟ್ಟೆ. ಶೀನ ನನ್ನನ್ನು ಉದ್ದಕ್ಕೆ ಸೀಳಿ, ಕಲ್ಲು ಹೇರಿ, ಕೆರೆಯ ತಳಕ್ಕೆ ಕವುಚಿ ಹಾಕಿದ. ಚಿಪ್ಪು ಕಳಚಿದ ಏಡಿ ಮೆತ್ತಗಿರುತ್ತದೆ. ಮರೆ ಸಿಗದಿದ್ದರೆ ಉಳಿದವು ತಿಂದುಬಿಡುತ್ತವೆ. ಈಗ ನಾನು ಅವುಗಳ ಬಾಣಂತಿ ಕೋಣೆ.

ಇಂದು ಒಂದು ಏಡಿ ಒಳಗೆ ಬಂತು. ಅದರ ಬೆನ್ನಿನ ಚಿಪ್ಪು ಹಿಂಬದಿಯಲ್ಲಿ ಸೀಳು ಬಿಟ್ಟಿತು. ಒಂದೊಂದೇ ಕಾಲನ್ನು, ಇಕ್ಕಳದಂಥ ದಪ್ಪ ಕೊಂಬುಗಳನ್ನು, ಕಣ್ಣನ್ನೂ ಹಳೆಯ ಕವಚದಿಂದ ಎಳೆದುಕೊಂಡು ಅದು ತನ್ನೊಳಗಿನಿಂದ ತಾನೇ ಹೊರಬಂತು. ಖಾಲಿ ಚಿಪ್ಪು ಮತ್ತೊಂದು ಏಡಿಯ ಹಾಗೆ ಪಕ್ಕದಲ್ಲಿ ಕೂತಿತ್ತು. ಮೆತ್ತಗಿನ ಹೊಸ ಏಡಿ ನನ್ನ ಗೋಡೆಗೆ ಒರಗಿ ಉಸಿರಾಡಿತು. ಮೂರು ಬಗೆಯ ಬಾಳು ಕಂಡ ನಾನು ಇಂಥದ್ದನ್ನು ಕಂಡಿರಲಿಲ್ಲ.

ಮೇಲೆ ದಂಡೆಯಲ್ಲಿ ಹೊಸ ಡ್ರಮ್ಮಿಗೆ ಕೊಡದಿಂದ ನೀರು ಬೀಳುವ ಸದ್ದು. ಕೂದಲು ನರೆತ ಶೀನ ಎಂದಿನಂತೆ ಕೇಳುತ್ತಿದ್ದಾನೆ:

"ಅಕ್ಕಾ, ನೀರ್ ಮೂಸಿದ್ಯಾ?"